ಜಪಾನೀ ಪುಸ್ತಕ ಮುಗಿದ ದಿನ

ನಮ್ಮ ಮನೆಯಲ್ಲಿ ಸುಪ್ರ ಹಾಸಿದ ಮೇಲೆ ಕನ್ನಡ ಬಿಟ್ಟು ಬೇರೆ ಮಾತು ಯಾರ ಬಾಯಿಂದ ಬಂದರೂ ಉಪ್ಪ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೈಕಟ್ಟಿ ಕೂತುಬಿಡುತ್ತಿದ್ದರು. ಸುಪ್ರ ಎಂದರೆ ಊಟದ ಹೊತ್ತಿಗೆ ನೆಲದ ಮೇಲೆ ಹಾಸುವ ಹಾಳೆ. ನಮ್ಮದು ಪ್ಲಾಸ್ಟಿಕ್ಕಿನದು, ಮೇಲೆಲ್ಲ ದ್ರಾಕ್ಷಿ, ಸೇಬುಗಳ ಚಿತ್ರ. ಹಗಲಿಡೀ ಮನೆಯಲ್ಲಿ ನಡೆಯುವುದು ಅಪ್ಪನನ್ನು ಉಪ್ಪ, ಅಮ್ಮನನ್ನು ಉಮ್ಮ ಎನ್ನುವ ಬ್ಯಾರಿ ಮಾತು, ಶಾಲೆಯಲ್ಲಿ ಇಂಗ್ಲಿಷ್, ಕೆಳಗಿನ ಬಕಾಲಾ ಅಂಗಡಿಯಲ್ಲಿ ಅರಬಿ, ಕಟ್ಟಡದ ವಾಚ್‌ಮನ್ ಹತ್ತಿರ ಉರ್ದು. ಇಷ್ಟರ ನಡುವೆ ಮಗಳು ಊರಿಗೆ ಹೋದಾಗ ಬಸ್ಸಿನ ಬೋರ್ಡು ಓದಲಾರದೆ ನಿಂತಾಳು ಎಂಬುದು ಉಪ್ಪನ ದೊಡ್ಡ ಹೆದರಿಕೆ. ಪುತ್ತೂರು ಕಡೆಯ ಕನ್ನಡ ಶಾಲೆಯಲ್ಲಿ ಓದಿದವರು ಅವರು. ಅರಬರ ನಾಡಿನ ಜುಬೈಲ್‌ನ ಕಾರ್ಖಾನೆಯಲ್ಲಿ ಪಂಪು, ವಾಲ್ವುಗಳನ್ನು ರಿಪೇರಿ ಮಾಡಿ, ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಬಂದರೂ ಊಟಕ್ಕೆ ಕೂರುವಾಗ ಮೇಷ್ಟ್ರಾಗಿಬಿಡುತ್ತಿದ್ದರು.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಎರಡನ್ನೂ ಇಲ್ಲೇ ಕಲಿ," ಎನ್ನುತ್ತಿದ್ದರು.

"ಹಸಿದ ಮಗುವಿನ ಹತ್ರ ಎಂತ ಗಾದೆ ಮಾರ್ರೆ? ಮೊದ್ಲು ಬಡಿಸಿ," ಎಂದು ಉಮ್ಮ ಕನ್ನಡದಲ್ಲೇ ಜಗಳ ತೆಗೆಯುತ್ತಿದ್ದಳು. ಕನ್ನಡದಲ್ಲಿ ಜಗಳವಾಡಿದರೆ ಉಪ್ಪನಿಗೆ ಒಳಗೊಳಗೇ ಖುಷಿ.

ಎರಡು ಕೋಣೆ, ಒಂದು ಹಾಲು, ಒಂದು ಅಡುಗೆಮನೆ. ಕಿಟಕಿಗಳ ಸಂದಿಗೆ ಧೂಳು ನುಗ್ಗದಂತೆ ಟೇಪು ಅಂಟಿಸಿದ್ದರಿಂದ ವರ್ಷಗಟ್ಟಲೆ ನಾವು ಅವನ್ನು ತೆರೆದದ್ದೇ ಇಲ್ಲ. ಹೊರಗಿನ ಲೋಕ ನಮಗೆ ತಿಳಿಯುತ್ತಿದ್ದುದು ಮೆಟ್ಟಿಲಿನ ಮೂಲಕ. ಯಾರ ಮನೆಯಲ್ಲಿ ಒಣಮೀನು, ಯಾರ ಮನೆಯಲ್ಲಿ ಬಿರಿಯಾನಿ ಎಂಬುದು ಮೆಟ್ಟಿಲು ಹತ್ತುವಾಗಲೇ ಗೊತ್ತಾಗುತ್ತಿತ್ತು. ನಮ್ಮ ಎದುರಿನ ಬಾಗಿಲು ತುರ್ಕಿಯವರದ್ದು. ಮನೆಯ ಯಜಮಾನ ವೆಲ್ಡಿಂಗ್ ಕೆಲಸದ ಮುಖ್ಯಸ್ಥ. ಕೆಲಸದ ಕಡೆ ಎಲ್ಲರೂ ಅವರನ್ನು ಉಸ್ತಾ ಎನ್ನುತ್ತಿದ್ದುದರಿಂದ ನಮಗೂ ಅವರು ಉಸ್ತಾ ಆದರು. ಹೆಂಡತಿ ಸೆವಿಮ್ ಆಂಟಿ, ಮಗಳು ಎಲಿಫ್. ಸೆವಿಮ್ ಆಂಟಿಗೂ ಉಮ್ಮನಿಗೂ ಒಬ್ಬರ ಮಾತು ಒಬ್ಬರಿಗೆ ಬಾರದು. ಆದರೂ ತಟ್ಟೆಗಳು ಆ ಬಾಗಿಲಿನಿಂದ ಈ ಬಾಗಿಲಿಗೆ ಓಡಾಡುತ್ತಿದ್ದವು. ಅಲ್ಲಿಂದ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ ಬಂದರೆ ಇಲ್ಲಿಂದ ಅಕ್ಕಿರೊಟ್ಟಿ ಹೋಗುತ್ತಿತ್ತು. ತಟ್ಟೆ ಖಾಲಿ ಹೋಗಬಾರದು ಎಂಬ ಕಟ್ಟಳೆ ಇಬ್ಬರಿಗೂ ಹುಟ್ಟಿನಿಂದ ಬಂದದ್ದು. ಎರಡು ವರ್ಷದ ಆ ಸ್ನೇಹದಲ್ಲಿ ಅವರು ಪೂರ್ತಿ ಒಂದು ವಾಕ್ಯ ಮಾತಾಡಿಕೊಂಡದ್ದನ್ನು ನಾನು ಕೇಳಿಲ್ಲ.

ಆ ಸೆವಿಮ್ ಆಂಟಿ ಒಂದು ಚಳಿಗಾಲದಲ್ಲಿ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಪರದೇಶಿಗಳು ಇಲ್ಲಿ ಸತ್ತರೆ ಮಣ್ಣು ಮಾಡುವುದಕ್ಕೂ ಕಾಗದಪತ್ರ ಬೇಕು. ಅದು ಯಾವ ದಿನ ಕೈಗೆ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ತಾಯಿಯ ಮುಖ ಕೊನೆಯ ಸಲ ತೋರಿಸುತ್ತೇನೆಂದು ಉಸ್ತಾ ಮಗಳಿಗೆ ಮಾತು ಕೊಟ್ಟಿದ್ದರು. ಹಾಗೆಂದು ಕಾಯುತ್ತಿರುವಾಗ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಸಹಿ ಆಯಿತು. ಹೆಂಗಸರು ಸೆವಿಮ್ ಆಂಟಿಯ ಮಯ್ಯತ್ತನ್ನು ಮೀಯಿಸಿದರು, ಮಧ್ಯಾಹ್ನದ ನಮಾಜಿನ ಜೊತೆ ಜನಾಝಾ ನಮಾಜು ಆಯಿತು, ಗಂಡಸರು ಹೋಗಿ ಮಣ್ಣು ಮಾಡಿ ಬಂದರು. ಎಲಿಫ್ ಆ ಹೊತ್ತಿಗೆ ಶಾಲೆಯಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಅವಳನ್ನು ಕರೆತರಲು ಉಸ್ತಾ ಯಾರನ್ನೂ ಕಳಿಸಲಿಲ್ಲ. ಶಾಲೆಯ ಬಸ್ಸಿಳಿದು ಮೆಟ್ಟಿಲು ಹತ್ತಿ ಬಂದ ಹುಡುಗಿಗೆ ಕಂಡದ್ದು ಬಾಗಿಲಲ್ಲಿ ರಾಶಿ ಬಿದ್ದ ಗಂಡಸರ ಚಪ್ಪಲಿಗಳು. ನಮ್ಮ ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಅವಳು ಕಿರುಚಲಿಲ್ಲ. ಬೆನ್ನ ಮೇಲಿನ ಚೀಲವನ್ನೂ ಇಳಿಸದೆ ಆ ಚಪ್ಪಲಿಗಳನ್ನು ನೋಡುತ್ತ ನಿಂತಳು.

ಕೆಲವು ದಿನ ಕಳೆದ ಮೇಲೆ ಉಸ್ತಾ ನಮ್ಮ ಉಪ್ಪನ ಹತ್ತಿರ ಒಂದು ಉಪಕಾರ ಕೇಳಿದರು. ಇಬ್ಬರೂ ಒಂದೇ ಕಂಪನಿ ಬಸ್ಸಿನಲ್ಲಿ ಹೋಗಿಬರುವವರು. ಶಾಲೆ ಬಿಟ್ಟ ಮೇಲೆ ತಾನು ಕೆಲಸದಿಂದ ಬರುವತನಕ ಮಗಳು ನಿಮ್ಮ ಮನೆಯಲ್ಲಿರಲಿ ಎಂದರು. ಉಮ್ಮ ಕೇಳಿದ್ದೇ ತಡ, ನನ್ನ ಕೋಣೆಯಲ್ಲಿ ಇನ್ನೊಂದು ಮೇಜು ಹಾಕಿಸಿದಳು. ಹೀಗೆ ಎಲಿಫ್ ನಮ್ಮ ಮನೆಗೆ ಬಂದಳು. ಅವಳಿಗೆ ಹದಿನಾರಿರಬೇಕು, ನನಗೆ ಹತ್ತು. ತುರ್ಕಿಯಲ್ಲಿ ಅಕ್ಕನಿಗೆ ಅಬ್ಲಾ ಎನ್ನುತ್ತಾರೆಂದು ಹೇಳಿದ್ದರಿಂದ ನಾನು ಅವಳನ್ನು ಅಬ್ಲಾ ಎಂದು ಕರೆದೆ. ನಮ್ಮಿಬ್ಬರ ನಡುವೆ ನಡೆಯುತ್ತಿದ್ದುದು ಇಂಗ್ಲಿಷ್. ಅವಳು ಹೇಳಿದ್ದನ್ನು ಉಮ್ಮನಿಗೂ ಉಮ್ಮ ಹೇಳಿದ್ದನ್ನು ಅವಳಿಗೂ ದಾಟಿಸುವುದು ನನ್ನ ಪಾಲಿನ ಕೆಲಸ. ಈಗ ನಾನು ದಮ್ಮಾಮಿನ ಒಂದು ಆಸ್ಪತ್ರೆಯಲ್ಲಿ ಸಂಬಳಕ್ಕೆ ಮಾಡುತ್ತಿರುವುದೂ ಅದನ್ನೇ. ರೋಗಿಯ ಮಾತು ಡಾಕ್ಟರಿಗೆ, ಡಾಕ್ಟರ ಮಾತು ರೋಗಿಗೆ. ಈ ಕೆಲಸ ನಾನು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ.

ಎಲಿಫಳ ಚೀಲದಲ್ಲಿ ಶಾಲೆಯ ಪುಸ್ತಕಗಳ ಜೊತೆಗೆ ಜಪಾನೀ ಭಾಷೆ ಕಲಿಸುವ ಒಂದು ದಪ್ಪ ಪುಸ್ತಕ, ಒಂದು ಸಿ.ಡಿ. ಇದ್ದವು. ಕಾರ್ಖಾನೆಗೆ ಬಂದಿದ್ದ ಜಪಾನೀ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ಬಿಟ್ಟುಹೋದದ್ದನ್ನು ಉಸ್ತಾ ಹಿಂದೊಮ್ಮೆ ತಮಾಷೆಗೆ ಮನೆಗೆ ತಂದಿದ್ದರಂತೆ. ತಾಯಿ ಇರುವಾಗ ಅದೊಂದು ಹವ್ಯಾಸ. ಶುಕ್ರವಾರ ಹೊತ್ತು ಹೋಗದಿದ್ದರೆ ನಾಲ್ಕು ಅಕ್ಷರ ಬರೆಯುವುದು, ತಾಯಿಯ ಮುಂದೆ ಓದಿ ನಗಿಸುವುದು. ಈಗ ಅವಳು ಅದನ್ನು ಹಸಿದವಳಂತೆ ಓದುತ್ತಿದ್ದಳು. ಸಿ.ಡಿ.ಯಲ್ಲಿ ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ, ನಿಧಾನವಾಗಿ, ಈ ಕೊಡೆ ಯಾರದ್ದು, ರೈಲು ನಿಲ್ದಾಣ ಎಲ್ಲಿ, ಈಗ ಗಂಟೆ ಎಷ್ಟು ಎಂದು ಕೇಳುತ್ತಿದ್ದಳು. ಜುಬೈಲ್‌ನಲ್ಲಿ ಕೊಡೆಯನ್ನೇ ಕಂಡಿರದ ನಾನು ಕೊಡೆ ಕಳಕೊಂಡವರ ಬಗ್ಗೆ ಮರುಗುತ್ತ ಅವಳ ಜೊತೆ ಗಟ್ಟಿಯಾಗಿ ಹೇಳುತ್ತಿದ್ದೆ. ಅಬ್ಲಾಳಿಗೆ ಮಾತಿಗೊಬ್ಬರು ಜೊತೆ ಬೇಕಿತ್ತು, ನನಗೆ ಅಕ್ಕ ಬೇಕಿದ್ದಳು.

ಕಲಿಯುವುದು ನಾವಿಬ್ಬರೂ ಹೆದರಿದ್ದಷ್ಟು ಕಷ್ಟವಿರಲಿಲ್ಲ. ಜಪಾನೀ ವಾಕ್ಯ ತುರ್ಕಿ ವಾಕ್ಯದ ಹಾಗೇ ನಡೆಯುತ್ತದೆ, ಮಾಡಿದ ಕೆಲಸವನ್ನು ಕಟ್ಟಕಡೆಗೆ ಹೇಳುತ್ತದೆ ಎಂದು ಅಬ್ಲಾ ಹಿಗ್ಗಿದಳು. ನಮ್ಮ ಮನೆಯ ಮಾತೂ ಹಾಗೆಯೇ ಎಂದು ನಾನು ಹೇಳಿದಾಗ ಅವಳಿಗೆ ನಂಬಿಕೆ ಬರಲಿಲ್ಲ. ನಾನು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಡಬ್ಬಿಯಲ್ಲಿರುವುದು ಅಕ್ಕಿ, ಪಾತ್ರೆಯಲ್ಲಿರುವುದು ಅನ್ನ ಎಂದೆ. ಅವಳು ತುರ್ಕಿಯ ಎರಡು ಹೆಸರು ಹೇಳಿದಳು, ಆಮೇಲೆ ಜಪಾನೀ ಭಾಷೆಯ ಎರಡು: ಕೊಮೆ, ಗೋಹಾನ್. ಇಂಗ್ಲಿಷಿನವರಿಗೆ ಮಾತ್ರ ಬೇಯಿಸಿದರೂ ಅದೇ, ಬೇಯಿಸದಿದ್ದರೂ ಅದೇ, ಪಾಪ, ಎಂದು ನಾವು ನಕ್ಕೆವು. ತಾಯಿ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು. ಉಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿ, ಏನೂ ಅರ್ಥವಾಗದಿದ್ದರೂ ತಾನೂ ನಕ್ಕಳು.

"ಅಬ್ಲಾ, ಜಪಾನಿಗೆ ಹೋಗ್ತೀಯಾ ನೀನು?" ಎಂದು ಒಮ್ಮೆ ಕೇಳಿದೆ.

"ಇಲ್ಲ."

"ಮತ್ತೆ ಯಾಕೆ ಇಷ್ಟು ಓದುವುದು?"

ಅವಳು ಪುಟ ತಿರುಗಿಸುತ್ತಲೇ ಹೇಳಿದಳು.

"ಈ ಪುಸ್ತಕದಲ್ಲಿ ಯಾರೂ ಸಾಯುವುದಿಲ್ಲ. ಈ ಭಾಷೆಯಲ್ಲಿ ನನಗೆ ಯಾರೂ ಇನ್ನೂ ಸುಳ್ಳು ಹೇಳಿಲ್ಲ."

ಆ ಮಾತನ್ನು ನಾನು ಉಮ್ಮನಿಗೆ ದಾಟಿಸಿದೆ. ಉಮ್ಮ ಹಿಟ್ಟು ಕಲಸುವುದನ್ನು ನಿಲ್ಲಿಸಿ ಕೋಣೆಯ ಕಡೆ ನೋಡಿದಳು. ಅಬ್ಲಾಳ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಒಂದು ಸಂಜೆ ಉಸ್ತಾ ನಮ್ಮ ಹಾಲಿನಲ್ಲಿ ಚಹಾ ಕುಡಿಯಲು ಕೂತಾಗ. ಅಬ್ಲಾ ಆಗಲೇ ಅವರ ಮನೆಗೆ ಹೋಗಿದ್ದಳು. ಅವರೂ ಉಪ್ಪನೂ ಮಾತಾಡುತ್ತಿದ್ದುದು ಅರ್ಧ ಅರಬಿ, ಅರ್ಧ ಇಂಗ್ಲಿಷಿನ ಕಾರ್ಖಾನೆ ಭಾಷೆ. ಒಳ್ಳೆಯ ಎತ್ತರದ ಮನುಷ್ಯ. ಅಂದು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಗ್ಗಿ ಕೂತಿದ್ದರು.

"ಅವಳು ನನ್ನ ಹತ್ತಿರ ತುರ್ಕಿ ಮಾತಾಡುವುದನ್ನೇ ಬಿಟ್ಟಿದ್ದಾಳೆ. ಊಟ ಮಾಡ್ತೀಯಾ ಮಗಳೇ ಅಂತ ಕೇಳಿದರೆ ಜಪಾನೀಯಲ್ಲಿ ಉತ್ತರ. ಹೌದು ಅಂದಳೋ ಬೇಡ ಅಂದಳೋ ಅದೂ ನನಗೆ ತಿಳಿಯುವುದಿಲ್ಲ. ತಟ್ಟೆ ಮುಂದಿಟ್ಟು ಕಾಯುತ್ತೇನೆ."

"ಮಕ್ಕಳ ಹಠ, ಉಸ್ತಾ. ಸರಿಹೋಗುತ್ತೆ," ಎಂದರು ಉಪ್ಪ.

"ಇಲ್ಲ. ನನ್ನಿಂದ ಇದು ಆಗುವುದಿಲ್ಲ. ವರ್ಷದ ಪರೀಕ್ಷೆ ಮುಗಿದ ಕೂಡಲೇ ತುರ್ಕಿಗೆ, ಕೊನ್ಯಾದ ನನ್ನ ತಂಗಿಯ ಮನೆಗೆ ಕಳಿಸುತ್ತೇನೆ. ಅಲ್ಲಾದರೂ ಬಾಯಿ ಬಿಟ್ಟಾಳು."

ಅಬ್ಲಾ ಅಪ್ಪನ ಹತ್ತಿರ ಮಾತಾಡದಿದ್ದರೆ ನನಗೆ ಅಬ್ಲಾ ಇಲ್ಲ. ಲೆಕ್ಕ ಅಷ್ಟೇ. ಮರುದಿನವೇ ಅವಳಿಗೆ ಹೇಳಿದೆ, ಒಂದೇ ಒಂದು ಮಾತು ಆಡಿಬಿಡು, ಊಟ ಬೇಡ ಅಂತಾದರೂ ತುರ್ಕಿಯಲ್ಲಿ ಹೇಳು ಎಂದು ಗೋಗರೆದೆ. ಅವಳು ಸಿ.ಡಿ.ಯನ್ನು ಮತ್ತೆ ಮೊದಲಿನಿಂದ ಹಾಕಿದಳು. ಇಷ್ಟು ಮೆದು ಹುಡುಗಿಯ ಒಳಗೆ ಅಷ್ಟು ಗಟ್ಟಿ ಬಾಗಿಲು ಇದ್ದದ್ದು ನನಗೆ ಆಶ್ಚರ್ಯ. ಉಮ್ಮನನ್ನು ಕೇಳಿದರೆ, ಉಗುರಿನಿಂದ ಗಾಯ ಕೆರೆಯಬೇಡ, ತಾನಾಗಿ ಒಣಗಲಿ ಎಂದಳು. ವರ್ಷದ ಪರೀಕ್ಷೆ ಹತ್ತಿರ ಬರುತ್ತಿತ್ತು, ಯಾವ ಗಾಯವೂ ಒಣಗುವ ಲಕ್ಷಣ ಕಾಣುತ್ತಿರಲಿಲ್ಲ.

ಹೀಗಿರುವಾಗ ಅವಳ ಜಪಾನೀ ಪುಸ್ತಕ ಕೊನೆಯ ಪಾಠಕ್ಕೆ ಬಂತು. ನಾಳೆ ಮುಗಿಯುತ್ತದೆ ಎಂದು ನಾನು ಉಮ್ಮನಿಗೆ ಹೇಳಿದ್ದೇ ತಪ್ಪೋ ಒಳ್ಳೆಯದೋ, ಅವಳಿಗೆ ಸಂಭ್ರಮ ಹತ್ತಿತು. ನಮ್ಮಲ್ಲಿ ಮಕ್ಕಳು ಕುರ್‌ಆನನ್ನು ಪೂರ್ತಿ ಓದಿ ಮುಗಿಸಿದರೆ ಅದಕ್ಕೆ ಖತಂ ಎನ್ನುತ್ತೇವೆ, ಮನೆಯಲ್ಲಿ ಸಿಹಿ ಮಾಡಿ ಹಂಚುತ್ತೇವೆ. ನನ್ನ ಖತಂ ಆದಾಗ ಸೆವಿಮ್ ಆಂಟಿ ಬಂದು ನನ್ನ ತಲೆಗೆ ಮುತ್ತಿಟ್ಟು ಹೋಗಿದ್ದಳು.

"ಅದು ಜಪಾನೀ ಪುಸ್ತಕ ಉಮ್ಮ, ಅದಕ್ಕೆಲ್ಲ ಖತಂ ಇಲ್ಲ," ಎಂದು ನಾನು ನಕ್ಕೆ.

"ಎಂತಕ್ಕೆ ಇಲ್ಲ? ದಪ್ಪ ಕಿತಾಬು ಓದಿ ಮುಗಿಸಿದ ಹುಡುಗಿಗೆ ಬಾಯಿ ಸಿಹಿ ಮಾಡ್ಲಿಕ್ಕೆ ಅವಳ ಉಮ್ಮ ಉಂಟಾ? ನಾನಲ್ವಾ ಮಾಡ್ಬೇಕಾದ್ದು?"

ಮರುದಿನ ಶಾಲೆಯಿಂದ ಬಂದು ನಾವಿಬ್ಬರೂ ಕೋಣೆಯಲ್ಲಿ ಕೊನೆಯ ಪಾಠಕ್ಕೆ ಕೂತಿದ್ದೆವು. ಉಮ್ಮ ಒಳಗೆ ದೊಡ್ಡ ಬಾಣಲೆಯಲ್ಲಿ ತುಪ್ಪ ಕಾಯಿಸಿ ರವೆ ಹುರಿಯತೊಡಗಿದಳು. ಮದುವೆ, ಮೌಲೂದು, ಮಗು ಹುಟ್ಟಿದ್ದು, ನೆಂಟರು ಬಂದದ್ದು, ಯಾವುದಕ್ಕೂ ನಮಗೆ ರವೆ ಶೀರಾವೇ. ರವೆ ಕೆಂಪಗಾಗುವ ಪರಿಮಳ ಕೋಣೆಗೆ ಬಂತು. ಅಬ್ಲಾ ಓದುತ್ತಿದ್ದವಳು ವಾಕ್ಯದ ನಡುವೆ ನಿಂತಳು. ಮೂಗು ಅರಳಿತು. ಪುಸ್ತಕ ತೆರೆದಿಟ್ಟಂತೆಯೇ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ಚೌಕಟ್ಟು ಹಿಡಿದುಕೊಂಡಳು.

"ಯಾರು ತೀರಿಹೋದರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಾನು ದಾಟಿಸಿದೆ. ಉಮ್ಮನ ಕೈಯ ಸೌಟು ಅಲ್ಲೇ ನಿಂತಿತು.

"ಅಸ್ತಗ್ಫಿರುಲ್ಲಾ! ಎಂತ ಮಾತು ಅದು? ಖುಷಿಗೆ ಮಾಡುದು ಅಂತ ಹೇಳು ಅವಳಿಗೆ."

ಹೇಳಿದೆ. ಅಬ್ಲಾ ತಲೆಯಾಡಿಸುತ್ತ, ತಡೆದು ತಡೆದು ಹೇಳಿದ್ದು ಇಷ್ಟು. ಅವರಲ್ಲಿ ಮನೆಯಲ್ಲಿ ಸಾವಾದರೆ ರವೆಯನ್ನು ಬೆಣ್ಣೆಯಲ್ಲಿ ಹುರಿದು ಹಲ್ವ ಮಾಡುತ್ತಾರೆ. ಮನೆಯವರೆಲ್ಲ ಸರದಿಯಂತೆ ಸೌಟು ಹಿಡಿದು, ಕುರ್‌ಆನಿನ ಫಾತಿಹಾ ಓದುತ್ತ ತಿರುಗಿಸುತ್ತಾರೆ. ಆ ಪರಿಮಳ ಹೋದವರಿಗೆ ಮುಟ್ಟುತ್ತದೆ ಎಂದು ಅಜ್ಜಿಯಂದಿರು ಹೇಳುತ್ತಾರೆ. ಅವಳ ತಾಯಿಗೆ ಅದನ್ನು ಯಾರೂ ಮಾಡಿರಲಿಲ್ಲ. ಗಂಡಸರು ಹೋಟೆಲಿನಿಂದ ತಾಟುಗಟ್ಟಲೆ ಅನ್ನ, ಮಾಂಸ ತರಿಸಿದ್ದರು. ಹಲ್ವ ಮಾಡುವ ಹೆಂಗಸರೊಬ್ಬರೂ ಮನೆಯಲ್ಲಿರಲಿಲ್ಲ. ಮಾಡಬೇಕಾದ ಮಗಳಿಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಾನು ಹೇಳಿ ಮುಗಿಸುವವರೆಗೆ ಉಮ್ಮ ಅಬ್ಲಾಳ ಮುಖವನ್ನೇ ನೋಡುತ್ತಿದ್ದಳು. ಹಬ್ಬವೆಂದು ಹೊರಟು ಸಾವಿನ ಮನೆಗೆ ಹೊಕ್ಕಂತಾಗಿತ್ತು ಅವಳಿಗೆ. ಬೇರೆ ಯಾರಾದರೂ ಆಗಿದ್ದರೆ ಒಲೆ ಆರಿಸಿ, ಬಾಣಲೆ ಮುಚ್ಚಿಟ್ಟು, ಆ ಹುಡುಗಿಯ ಕ್ಷಮೆ ಕೇಳುತ್ತಿದ್ದರೇನೋ. ಉಮ್ಮ ಪಕ್ಕದಲ್ಲಿ ಕಲಸಿಟ್ಟಿದ್ದ ಕೇಸರಿ ಬಣ್ಣದ ನೀರನ್ನು ಸಿಂಕಿಗೆ ಚೆಲ್ಲಿದಳು. ಉರಿ ಸಣ್ಣ ಮಾಡಿ ಸೌಟನ್ನು ಅಬ್ಲಾಳ ಕೈಗೆ ಕೊಟ್ಟಳು.

"ಹಾಗಾದ್ರೆ ಇದು ಸೆವಿಮಳದ್ದೇ. ತಿರುಗಿಸು ಮಗಳೇ. ತಳ ಹಿಡೀದ ಹಾಗೆ ತಿರುಗಿಸು."

ಅದನ್ನು ದಾಟಿಸುವ ಅಗತ್ಯ ಬರಲಿಲ್ಲ. ಅಬ್ಲಾ ಸೌಟು ಹಿಡಿದು ನಿಂತಳು. ಉಮ್ಮ ತಲೆಯ ಮೇಲೆ ಶಾಲು ಎಳೆದುಕೊಂಡು ಫಾತಿಹಾ ಓದಿದಳು, ನಾನೂ ಓದಿದೆ. ರವೆ ಕೆಂಪಗಾಗುತ್ತ ಬಂತು. ಅಬ್ಲಾಳ ಕಣ್ಣೀರು ಗಲ್ಲದಿಂದ ಇಳಿದು ಅವಳ ಕೈಯ ಮೇಲೆ ಬೀಳುತ್ತಿತ್ತು, ಸೌಟು ಮಾತ್ರ ನಿಲ್ಲಲಿಲ್ಲ. ಅವಳ ತುಟಿ ಮೊದಲು ಜಪಾನೀಯಲ್ಲೇ ಏನೋ ಅಂದಿತು, ಆ ಸಿ.ಡಿ.ಯ ಮರ್ಯಾದೆಯ ದನಿಯಲ್ಲಿ. ಅದು ಅರ್ಧಕ್ಕೇ ನಿಂತಿತು. ಆಮೇಲೆ ಅವಳು ತುರ್ಕಿಯಲ್ಲಿ ಮಾತಾಡಿದಳು, ಬಾಣಲೆಯೊಳಗೆ ಯಾರೋ ಕೂತು ಕೇಳುತ್ತಿದ್ದಾರೆ ಎನ್ನುವಂತೆ, ದೂರುತ್ತ, ಕೇಳುತ್ತ, ಕೆಲವೊಮ್ಮೆ ಗದರುತ್ತ. ಅದರಲ್ಲಿ ನನಗೆ ಗೊತ್ತಾದದ್ದು ಅನ್ನೆ ಎಂಬ ಒಂದೇ ಶಬ್ದ. ಅಮ್ಮ ಎಂದರ್ಥ.

"ಎಂತ ಹೇಳುದು ಅವಳು?" ಎಂದು ಉಮ್ಮ ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲ ಉಮ್ಮ."

"ಗೊತ್ತಾಗ್ಲಿಕ್ಕೂ ಬೇಡ. ಅದು ನಮ್ಗೆ ಹೇಳುದಲ್ಲ."

ಇಂದಿಗೂ ಆಸ್ಪತ್ರೆಯಲ್ಲಿ ಯಾರಾದರೂ ಹಾಸಿಗೆಯ ಪಕ್ಕ ನಿಂತು ತಮ್ಮವರ ಕಿವಿಯಲ್ಲಿ ಮಾತಾಡುವಾಗ, ಏನು ಹೇಳುತ್ತಿದ್ದಾರೆ ಎಂದು ಡಾಕ್ಟರು ನನ್ನ ಕಡೆ ನೋಡಿದರೆ, ನಾನು ಸುಮ್ಮನಿರುತ್ತೇನೆ. ಆ ಭಾಷೆ ನನಗೆ ಬರುತ್ತಿದ್ದರೂ ಸುಮ್ಮನಿರುತ್ತೇನೆ. ಇದಕ್ಕಾಗಿ ಒಮ್ಮೆ ಬೈಸಿಕೊಂಡೂ ಇದ್ದೇನೆ. ಪರವಾಗಿಲ್ಲ.

ಹಾಲು, ಸಕ್ಕರೆ ಬಿದ್ದು ಹಲ್ವ ಮುದ್ದೆಯಾದ ಮೇಲೆ ಉಮ್ಮ ಅದನ್ನು ತಟ್ಟೆಗಳಿಗೆ ಹಾಕಿ ಕಟ್ಟಡದ ಮನೆಮನೆಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದಳು. ಮೇಲಿನ ಮನೆಯ ಭಟ್ಕಳದ ಹೆಂಗಸು ತಟ್ಟೆ ತೆಗೆದುಕೊಳ್ಳುತ್ತ, "ಎಂತ ವಿಶೇಷ?" ಎಂದು ಕೇಳಿದಳು. ಜಪಾನೀ ಪುಸ್ತಕ ಮುಗಿದ ಸಿಹಿ ಎನ್ನಲೇ ಎಂದು ಒಂದು ಗಳಿಗೆ ಅಂದುಕೊಂಡೆ. ಸೆವಿಮ್ ಆಂಟಿಯ ಹೆಸರಿನಲ್ಲಿ ಎಂದೆ. ಅವಳು ನಗು ನಿಲ್ಲಿಸಿ, ತಟ್ಟೆಯನ್ನು ಎದೆಗೆ ಹಿಡಿದು ತೀರಿಹೋದವಳಿಗಾಗಿ ದುಆ ಮಾಡಿದಳು. ಇಡೀ ಕಟ್ಟಡಕ್ಕೆ ಆ ಸಾವು ಅಂದು ಸರಿಯಾಗಿ ತಿಳಿದಂತಾಯಿತು.

ನಾನು ಕೆಳಗಿಳಿಯುವ ಹೊತ್ತಿಗೆ ಕಂಪನಿ ಬಸ್ಸು ಬಂದಿತ್ತು. ಉಸ್ತಾ ಮುಂದೆ, ಉಪ್ಪ ಹಿಂದೆ ಮೆಟ್ಟಿಲು ಹತ್ತುತ್ತಿದ್ದರು. ನಮ್ಮ ಅಂತಸ್ತಿಗೆ ಬರುವ ಮೊದಲೇ ಉಸ್ತಾ ನಿಂತುಬಿಟ್ಟರು. ಆ ಪರಿಮಳದ ಅರ್ಥ ಅವರಿಗೆ ಯಾರೂ ಹೇಳಬೇಕಿರಲಿಲ್ಲ. ನಮ್ಮ ಬಾಗಿಲು ತೆರೆದಿತ್ತು. ಅಬ್ಲಾ ಒಂದು ತಟ್ಟೆ ಹಿಡಿದು ಹೊಸ್ತಿಲಿಗೆ ಬಂದಳು. ಅಪ್ಪನ ಮುಖ ನೋಡಿ ತುರ್ಕಿಯಲ್ಲಿ ಎರಡೇ ಶಬ್ದ ಹೇಳಿದಳು, ಅಮ್ಮನ ಹಲ್ವ ಎಂದು. ಆಮೇಲೆ ಅವಳ ದನಿ ಏರಿತು. ಅಷ್ಟು ದಿನ ಬಾಯಲ್ಲಿ ಕಟ್ಟಿಟ್ಟಿದ್ದದ್ದೆಲ್ಲ ಮೆಟ್ಟಿಲಿನಲ್ಲಿ ಹರಿಯಿತು. ಅವಳು ಕೂಗುತ್ತಿದ್ದಳು. ಬೂಟು, ಕೆಲಸದ ಬಟ್ಟೆಯಲ್ಲಿದ್ದ ಆ ಎತ್ತರದ ಮನುಷ್ಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ಮಗಳು ಅಪ್ಪನಿಗೆ ಹಾಗೆ ಕೂಗುವುದನ್ನು ಉಪ್ಪ ಸಹಿಸುವವರಲ್ಲ. ಅಂದು ಅವರು ಗೋಡೆಗೆ ಒರಗಿ ನಿಂತು ನನ್ನ ಭುಜದ ಮೇಲೆ ಕೈಯಿಟ್ಟುಕೊಂಡರು. ಕೊನೆಗೆ ಉಸ್ತಾ ತಟ್ಟೆಯಿಂದ ಒಂದು ಚಮಚ ಬಾಯಿಗಿಟ್ಟುಕೊಂಡರು. ಆಮೇಲೆ ತಂದೆ ಮಗಳು ಎದುರಿನ ಬಾಗಿಲು ತೆರೆದು ಒಳಗೆ ಹೋದರು.

ಕೊನ್ಯಾದ ಮಾತನ್ನು ಉಸ್ತಾ ಮತ್ತೆ ಎತ್ತಲಿಲ್ಲ. ಪರೀಕ್ಷೆ ಮುಗಿದರೂ ಅಬ್ಲಾ ನಮ್ಮ ಮನೆಗೆ ಬರುತ್ತಲೇ ಇದ್ದಳು. ಜಪಾನೀ ಪುಸ್ತಕವನ್ನು ನನಗಾಗಿ ಮೊದಲ ಪಾಠದಿಂದ ಮತ್ತೆ ಶುರುಮಾಡಿದಳು. ಈಗ ಅದರಲ್ಲಿ ಅವಸರವಿರಲಿಲ್ಲ, ತಪ್ಪಿದರೆ ನಗುತ್ತಿದ್ದಳು. ಶುಕ್ರವಾರ ಜುಮಾ ನಮಾಜು ಮುಗಿಸಿ ಉಸ್ತಾ ಕೂಡ ಬಂದು ಕೂರುತ್ತಿದ್ದರು. ಸಿ.ಡಿ.ಯ ಹೆಂಗಸಿನ ಹಿಂದೆ ಅವರೂ ಹೇಳುವರು. ವೆಲ್ಡಿಂಗ್ ಮಾಡಿ ಮಾಡಿ ಒರಟಾದ ಆ ದನಿಯಲ್ಲಿ ಅಷ್ಟು ಮರ್ಯಾದೆಯ ಭಾಷೆ ಕೇಳಿದರೆ ಉಮ್ಮ ಅಡುಗೆಮನೆಯಲ್ಲಿ ಶಾಲು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಮಾಡಿದ ತಪ್ಪನ್ನು ಮಗಳು ತಿದ್ದಿದರೆ ಉಸ್ತಾ ಮತ್ತೆ ತಪ್ಪನ್ನೇ ಹೇಳುತ್ತಿದ್ದರು, ಇನ್ನೊಮ್ಮೆ ತಿದ್ದಲಿ ಎಂದೋ ಏನೋ.

ಅಂಥ ಒಂದು ಶುಕ್ರವಾರ ಉಸ್ತಾ ಎದ್ದು ಹೋದ ಮೇಲೆ, ಹಲ್ವ ಮಾಡಿದ ದಿನ ಮನೆಗೆ ಹೋಗಿ ಏನಾಯಿತು ಎಂದು ಅಬ್ಲಾಳನ್ನು ಕೇಳಿಯೇಬಿಟ್ಟೆ. ಅವಳು ಜಪಾನೀಯಲ್ಲಿ ಹೇಳಲು ನೋಡಿದಳು. ಒಂದೆರಡು ಶಬ್ದ ಹುಡುಕಿ ತಲೆಯಾಡಿಸಿದಳು.

"ಇದಕ್ಕೆ ನನ್ನ ಜಪಾನೀ ಸಾಲದು," ಎಂದು ಇಂಗ್ಲಿಷಿಗೆ ತಿರುಗಿದಳು. "ಯಾಕೆ ನನ್ನನ್ನು ಕರೆಸಲಿಲ್ಲ ಅಂತ ಕೇಳಿದೆ. ಪರೀಕ್ಷೆ ಇತ್ತು ಅಂತಲ್ಲವಂತೆ. ಅಪ್ಪ ಯಾರದೋ ಕಾರು ತಗೊಂಡು ಶಾಲೆಯ ಗೇಟಿನವರೆಗೆ ಬಂದಿದ್ದರಂತೆ."

"ಗೇಟಿನವರೆಗೆ?"

"ಕಾರಿನಿಂದ ಇಳಿಯಲಿಕ್ಕೆ ಆಗಲಿಲ್ಲವಂತೆ. ನಿನ್ನ ಅಮ್ಮನ ಮುಖ ನೋಡಿದ್ದೆ, ಅದನ್ನು ನೋಡುವ ನಿನ್ನ ಮುಖ ನೋಡಲಿಕ್ಕೆ ನನಗೆ ಧೈರ್ಯ ಬರಲಿಲ್ಲ ಮಗಳೇ, ಗಾಡಿ ತಿರುಗಿಸಿದೆ, ಅಂದರು."

ನಾನು ಪುಸ್ತಕ ಮುಚ್ಚಿದೆ.

"ನೀನೇನು ಹೇಳಿದೆ ಅಬ್ಲಾ?"

"ಏನೂ ಹೇಳಲಿಲ್ಲ. ಅವರು ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲ. ಎದ್ದು ಬಡಿಸಿದೆ."